ಸದ್ದು ಮಾಡದ ಮೂರು ಡಬ್ಬ

ಕೆಟ್ಟದಾಗಿ ಪಾರ್ಸೆಲ್ ಕಟ್ಟುವುದೇನು ಮಹಾ ಕೆಲಸ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಎರಡು ವರ್ಷ ನಾನು ಅದನ್ನೇ ಕಸುಬು ಮಾಡಿಕೊಂಡಿದ್ದೆ. ಕಣ್ಣಿಗೆ ರಾಚುವಷ್ಟು ಕೆಟ್ಟದಾಗಿ ಕಟ್ಟಿದರೆ ಎದುರಿನವರು ದೂರದಿಂದಲೇ ಕಂಡುಹಿಡಿಯುತ್ತಾರೆ, ಆಮೇಲೆ ಪರೀಕ್ಷೆಗೆ ಏನು ಅರ್ಥ? ಹೊರಗೆ ಅಚ್ಚುಕಟ್ಟಾಗಿರಬೇಕು, ತಪ್ಪು ಒಳಗಿರಬೇಕು, ಕೆಲಸ ಬಲ್ಲವರು ಕೈಯಲ್ಲಿ ಹಿಡಿದಾಗ ಮಾತ್ರ ಅದು ಗೊತ್ತಾಗಬೇಕು. ಸಾರಿಗೆ ಬೇಕಂತಲೇ ಒಂದು ಚಿಟಿಕೆ ಉಪ್ಪು ಕಡಿಮೆ ಹಾಕಿದ ಹಾಗೆ.

ಒಂದು ಪಾರ್ಸೆಲ್ ಕಂಪನಿ. ಅದಕ್ಕೆ ಊರಿನ ತುಂಬ ಕೌಂಟರುಗಳು. ಅಲ್ಲಿ ಕೂತವರು ನಿಯಮ ಪಾಲಿಸುತ್ತಾರೋ ಇಲ್ಲವೋ ನೋಡಲು ಕಂಪನಿಯವರು ಒಂದು ಏಜೆನ್ಸಿಗೆ ಹೇಳಿದ್ದರು, ಏಜೆನ್ಸಿಯವರು ನನ್ನಂಥವರನ್ನು ಇಟ್ಟುಕೊಂಡಿದ್ದರು. ನಾವು ಸಾಮಾನ್ಯ ಗ್ರಾಹಕರ ಹಾಗೆ ಹೋಗಿ ತಪ್ಪಾಗಿ ಕಟ್ಟಿದ ಪಾರ್ಸೆಲ್ ಕೊಡಬೇಕು, ಅವರು ಹಿಡಿಯುತ್ತಾರೋ ಇಲ್ಲವೋ ನೋಡಿ ವರದಿ ಬರೆಯಬೇಕು. ಅವರ ನಿಯಮಗಳು ನನಗೆ ನಿದ್ದೆಯಲ್ಲೂ ಬಾಯಿಗೆ ಬರುತ್ತಿದ್ದವು. ಡಬ್ಬ ಗಟ್ಟಿಯಿರಬೇಕು, ಹಳೆಯ ವಿಳಾಸದ ಚೀಟಿ ಉಳಿದಿರಬಾರದು, ದಾರ ಸುತ್ತಿರಬಾರದು, ಒಡೆಯುವ ವಸ್ತುವಿಗೆ ಆರೂ ಕಡೆ ಎರಡು ಬೆರಳು ದಪ್ಪ ಮೆತ್ತೆ ಇರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ತೆಗೆದುಕೊಳ್ಳುವವರು ಡಬ್ಬವನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಒಳಗೆ ಸದ್ದಾದರೆ ವಾಪಸ್ಸು ಕೊಡಬೇಕು, ಇಲ್ಲವೇ ಅಲ್ಲೇ ಬಿಚ್ಚಿಸಿ ಸರಿಯಾಗಿ ಕಟ್ಟಿಸಬೇಕು.

ನಮಗೂ ನಿಯಮಗಳಿದ್ದವು. ಒಳಗಿನ ತಪ್ಪಿನ ಫೋಟೋ ತೆಗೆದ ಮೇಲೆ ಡಬ್ಬ ಮುಚ್ಚಬೇಕು. ಮುಚ್ಚಿದ ಮೇಲೆ ಇನ್ನೊಬ್ಬರ ಕೈ ಅದಕ್ಕೆ ತಾಗಬಾರದು. ನಾವು ಯಾರೆಂದು ಕೌಂಟರಿನವರಿಗೆ ಯಾವತ್ತೂ ಹೇಳಬಾರದು. ವರದಿಯ ಹಾಳೆಯ ತಳದಲ್ಲಿ ದಪ್ಪಕ್ಷರದಲ್ಲಿ ಒಂದು ಸಾಲು: ಕಂಡದ್ದನ್ನು ಬರೆಯಿರಿ, ಕಾರಣ ಬರೆಯಬೇಡಿ. ಒಂದು ಕೌಂಟರಿಗೆ ತಿಂಗಳಿಗೊಂದರಂತೆ ಮೂರು ಸಲ ಹೋಗಬೇಕು, ಮೂರೂ ಸಲ ತಪ್ಪಿದವರಿಗೆ ಕೌಂಟರು ತಪ್ಪುತ್ತದೆ. ನಾವು ಕಳಿಸಿದ ಪಾರ್ಸೆಲ್ಲುಗಳೆಲ್ಲ ಏಜೆನ್ಸಿಯ ಗೋಡೌನಿಗೇ ಹೋಗಿ ಬೀಳುತ್ತಿದ್ದವು. ಅವುಗಳನ್ನು ಯಾರೂ ಬಿಚ್ಚುತ್ತಿರಲಿಲ್ಲ. ಒಳಗೇನಿದೆ ಎಂದು ಫೋಟೋದಲ್ಲೇ ಇದೆಯಲ್ಲ.

ಈ ಕೆಲಸದ ವಿಷಯ ನನ್ನ ಗಂಡನಿಗೆ ಗೊತ್ತಿತ್ತು. ಅವರು ಲಿಫ್ಟ್ ರಿಪೇರಿಯವರು. ದಿನವೆಲ್ಲ ಮೇಲೆ ಕೆಳಗೆ ಓಡಾಡಿ ಬಂದವರಿಗೆ ನನ್ನ ಡಬ್ಬಗಳ ಚಿಂತೆ ಇರಲಿಲ್ಲ. ಮಾವನಿಗೆ ಮಾತ್ರ ಹೇಳಿರಲಿಲ್ಲ. ನಾಲ್ಕು ತಿಂಗಳ ಹಿಂದೆ, ಅತ್ತೆ ತೀರಿಕೊಂಡ ಮೇಲೆ, ಅವರು ನಮ್ಮ ಜೊತೆ ಇರಲು ಬಂದಿದ್ದರು. ಬಂದ ಒಂದೇ ವಾರಕ್ಕೆ ಕೆಳಗಿನ ಅಂಗಡಿಯವನ ಮೂತ್ರಪಿಂಡದ ಕಲ್ಲಿನಿಂದ ಹಿಡಿದು ಎದುರುಮನೆಯವರ ಬಾಡಿಗೆ ಜಗಳದವರೆಗೆ ಎಲ್ಲ ಅವರಿಗೆ ಗೊತ್ತು, ಅವರಿಂದ ಎಲ್ಲರಿಗೂ ಗೊತ್ತು. ಅವರ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟೆ. ಪಾರ್ಸೆಲ್ಲುಗಳು ಯಾರಿಗೆಂದು ಕೇಳಿದಾಗ, ದೂರದ ಗೆಳತಿಗೆ ಎಂದು ಸುಳ್ಳು ಹೇಳಿದೆ.

ಮಾವ ಮೂವತ್ತನಾಲ್ಕು ವರ್ಷ ದೀಪದ ಗಾಜಿನ ಕಾರ್ಖಾನೆಯಲ್ಲಿ ಪ್ಯಾಕಿಂಗ್ ವಿಭಾಗದಲ್ಲಿದ್ದವರು. ತಾವು ಕಟ್ಟಿದ ಪೆಟ್ಟಿಗೆಗಳಲ್ಲಿ ದಾರಿಯಲ್ಲಿ ಒಡೆದ ಗಾಜು ಒಟ್ಟು ಹನ್ನೊಂದೇ ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಆ ಹನ್ನೊಂದೂ ಯಾವ ಯಾವ ಲಾರಿಯಲ್ಲಿ, ಯಾರ ತಪ್ಪಿನಿಂದ ಒಡೆದವು ಎಂಬ ಪುರಾಣವೂ ಅವರ ಹತ್ತಿರ ಇತ್ತು. ಅಂಥವರ ಕಣ್ಣೆದುರು ಊಟದ ಮೇಜಿನ ಮೇಲೆ ಕೂತು ನಾನು ಪಿಂಗಾಣಿ ಬಟ್ಟಲೊಂದನ್ನು ಬರೀ ಒಂದು ಹಾಳೆ ಸುತ್ತಿ ಡಬ್ಬಕ್ಕೆ ಹಾಕುತ್ತಿದ್ದೆ. ಅವರು ಮಂಚದ ಮೇಲಿಂದ "ಚ್" ಎನ್ನುತ್ತಿದ್ದರು. ಕಟ್ಟಿಸಿದ ಹಲ್ಲು ಸಡಿಲವಾಗಿರಬೇಕು ಎಂದುಕೊಂಡಿದ್ದೆ.

"ಒಡೆಯೋ ಸಾಮಾನಾ ತಾಯಿ?"

"ಹೂಂ ಮಾವ."

"ಅಷ್ಟು ಮೆತ್ತೆ ಸಾಕಾಗುತ್ತಾ? ತಳಕ್ಕೆ ಒಂದಿಷ್ಟು..."

"ಮಾವ, ನನ್ನ ಕೆಲಸ ನಂಗೆ ಬಿಡಿ."

ನಾನು ಹಾಗೆ ಸಿಡುಕಿದ್ದು ಒಂದೇ ಸಲ. ಆಮೇಲೆ ಅವರು ಒಂದು ಮಾತೂ ಎತ್ತಲಿಲ್ಲ. ಮಾವನನ್ನು ಸುಮ್ಮನಾಗಿಸಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ ಕೂಡ ಇತ್ತು.

ಆ ಸಲ ನನ್ನ ಪಾಲಿಗೆ ಬಂದ ಕೌಂಟರು ಹಳೆಯ ಸಿನಿಮಾ ಮಂದಿರದ ಪಕ್ಕದ್ದು. ಗಾಜಿನ ಹಿಂದೆ ನಲವತ್ತೈದರ ಆಸುಪಾಸಿನ ಹೆಂಗಸು, ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡು ಕೂತಿದ್ದಳು. ತೂಕದ ಯಂತ್ರದ ಒಂದು ಮೂಲೆ ಜಜ್ಜಿಹೋಗಿತ್ತು, ಪೆನ್ನನ್ನು ಯಾರೂ ಒಯ್ಯದಂತೆ ಮೇಜಿಗೆ ದಾರದಿಂದ ಕಟ್ಟಿತ್ತು. ನನ್ನ ಸರದಿ ಬಂದಾಗ ಆಕೆ ಡಬ್ಬವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಸಾಲಿನಲ್ಲಿದ್ದವರಿಗೆ ಸುಮ್ಮನಿರುವಂತೆ ಸನ್ನೆ ಮಾಡಿ, ಕಣ್ಣು ಮುಚ್ಚಿ ಎಡಗಿವಿಯ ಪಕ್ಕ ಹಿಡಿದಳು. ಮೊದಲು ಹಿಂದೆ ಮುಂದೆ, ಆಮೇಲೆ ಅಕ್ಕಪಕ್ಕ, ಕೊನೆಗೆ ಬುಡಮೇಲು ಮಾಡಿ ಅಲ್ಲಾಡಿಸಿದಳು. ಈಗ ಸಿಕ್ಕಿಬಿತ್ತು ಎಂದು ನಾನು ಕಾಯುತ್ತಿದ್ದೆ.

"ಸದ್ದಿಲ್ಲ. ಚೆನ್ನಾಗಿ ಕಟ್ಟಿದ್ದೀರಿ ಮೇಡಂ," ಎಂದು ರಸೀದಿ ಹರಿದು ಕೊಟ್ಟಳು.

ನನಗೆ ನಗು ಬಂತು. ಇಷ್ಟು ಆಡಂಬರದ ಅಲ್ಲಾಡಿಸುವಿಕೆ, ಫಲ ಮಾತ್ರ ಸೊನ್ನೆ. ಗ್ರಾಹಕರ ಮುಂದೆ ನಾಟಕ ಎಂದುಕೊಂಡು ವರದಿಯಲ್ಲಿ ಮೊದಲ ತಪ್ಪು ಬರೆದೆ. ಎರಡನೆಯ ತಿಂಗಳು ಕರುಣೆಯಿಂದ ಬಟ್ಟಲಿನ ಜೊತೆ ಒಂದು ಸ್ಟೀಲ್ ಚಮಚವನ್ನೂ ಹಾಕಿದೆ. ಆಕೆ ಮತ್ತೆ ಕಣ್ಣು ಮುಚ್ಚಿದಳು, ಅಲ್ಲಾಡಿಸಿದಳು, "ಸದ್ದಿಲ್ಲ" ಎಂದಳು. ಮೂರನೆಯ ತಿಂಗಳು ಬಟ್ಟಲು, ಎರಡು ಚಮಚ, ಮೆತ್ತೆಯೇ ಇಲ್ಲ. ಸತ್ತವರೂ ಎದ್ದು ಕೂರುವಂಥ ಡಬ್ಬ ಅದು. ಆಕೆ ನನ್ನ ಗುರುತು ಹಿಡಿದು ನಕ್ಕಳು.

"ನಿಮ್ಮ ಡಬ್ಬ ಬಂದ್ರೆ ನಂಗೆ ಖುಷಿ ಮೇಡಂ. ಬೇರೆಯವರದ್ದು ಮಗುವಿನ ಗಿಲಕಿ ಥರ ಇರುತ್ತೆ. ಎಲ್ಲರಿಗೂ ಹೇಳಿ ಹೇಳಿ ಸಾಕಾಗಿದೆ."

ನಾನು ಮನೆಗೆ ಬಂದು ಮೂರನೆಯ ತಪ್ಪು ಬರೆದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಹಾಳೆಯಲ್ಲಿ "ಇತರೆ" ಎಂಬ ಚಿಕ್ಕ ಚೌಕವೊಂದಿತ್ತು, ಅದನ್ನು ಖಾಲಿ ಬಿಡುವುದು ನನ್ನ ಜಾಯಮಾನದಲ್ಲೇ ಇಲ್ಲ. "ಕಿವಿ ಮಂದ ಇರಬಹುದು. ಈ ಕೆಲಸಕ್ಕೆ ತಕ್ಕವರಲ್ಲ" ಎಂದು ಬರೆದೆ. ಬರೆದು ಕಾಫಿ ಕುಡಿದೆ.

ಏಜೆನ್ಸಿಯ ಮೇಲ್ವಿಚಾರಕನನ್ನು ನಾವೆಲ್ಲ ನೋಟೆಡ್ ಸಾಹೇಬ ಎನ್ನುತ್ತಿದ್ದೆವು. ಏನು ಹೇಳಿದರೂ "ನೋಟೆಡ್ ಮೇಡಂ" ಎಂಬುದೇ ಅವನ ಉತ್ತರ, ನಿಮ್ಮ ಮನೆಗೆ ಬೆಂಕಿ ಬಿದ್ದಿದೆ ಎಂದರೂ. ಹತ್ತು ದಿನ ಕಳೆದು ಅವನೇ ಫೋನು ಮಾಡಿದ.

"ಮೇಡಂ, ನೀವು ಬರೆದ ಮಾತು ತುಂಬ ಉಪಯೋಗಕ್ಕೆ ಬಂತು. ಆಕೇನ ಕೌಂಟರಿಂದ ಎಬ್ಬಿಸಿ ಹಿಂದಿನ ಶೆಡ್ಡಿಗೆ ಹಾಕಿದಾರೆ. ಕಿವಿ ಪರೀಕ್ಷೆನೂ ಮಾಡಿಸಿದ್ರಂತೆ."

"ಏನು ಬಂತಂತೆ?"

"ಕಿವಿ ಸರಿ ಇದೆ ಅಂತ ಬಂತು. ಆದ್ರೆ ಕಂಪನಿಯವರು ಬಿಡ್ತಿಲ್ಲ. ಕಿವಿ ಸರಿ ಇದ್ದೂ ಮೂರು ಸಲ ಬಿಟ್ಟಿದ್ದಾಳೆ ಅಂದ್ರೆ ಬೇಕಂತಲೇ ಬಿಟ್ಟಿದ್ದಾಳೆ ಅಂತಾಯ್ತಲ್ಲ. ಸೋಮವಾರ ಕೆಲಸದಿಂದ ತೆಗೆಯೋ ಕಾಗದಕ್ಕೆ ಸಹಿ ಬೀಳುತ್ತೆ. ನಿಮಗೆ ಶುಕ್ರವಾರದಿಂದ ಹೊಸ ಕೌಂಟರು."

ಕಿವಿ ಸರಿ ಇದೆ ಎಂಬ ಮಾತು ನನಗೆ ಚುಚ್ಚಿತು, ಸುಳ್ಳು ಹೇಳುವುದಿಲ್ಲ. ಆದರೆ ಅದನ್ನು ಹೆಚ್ಚು ಹೊತ್ತು ಚುಚ್ಚಲು ಬಿಡಲಿಲ್ಲ. ನನ್ನ ಬಳಿ ಫೋಟೋ ಇತ್ತು. ಬಟ್ಟಲು, ಚಮಚ, ಮೆತ್ತೆಯಿಲ್ಲದ ತಳ, ಎಲ್ಲ ಸ್ಪಷ್ಟವಾಗಿ. ಉಪ್ಪು ತಿಂದವರು ನೀರು ಕುಡಿಯಲೇಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಯಾರು ಉಪ್ಪು ತಿಂದಿದ್ದರು ಎಂಬುದು ಶುಕ್ರವಾರ ಗೊತ್ತಾಯಿತು.

ಆ ದಿನ ಹೊಸ ಕೌಂಟರಿಗೆ ಹೊರಟಿದ್ದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು, ಹಿಂದಿನ ಸಂಜೆ ಕಟ್ಟಿದ ಡಬ್ಬ ಚೀಲದಲ್ಲಿ ತೊಡೆಯ ಮೇಲಿತ್ತು. ತಿರುವಿನಲ್ಲಿ ಸೈಕಲ್ಲೊಂದು ಅಡ್ಡ ಬಂದು ಡ್ರೈವರು ಗಕ್ಕನೆ ಬ್ರೇಕು ಹಾಕಿದ. ನನ್ನ ಚೀಲ ಜಾರಿ, ಸೀಟಿನ ಕಬ್ಬಿಣದ ಕಾಲಿಗೆ ಬಡಿದು, ನೆಲಕ್ಕೆ ಬಿತ್ತು. ಪಕ್ಕದಲ್ಲಿದ್ದ ಹೆಂಗಸು "ಅಯ್ಯೋ, ಒಡೀತೇನೋ" ಎಂದಳು. ನಾನೂ ಪಿಂಗಾಣಿ ಚೂರಾಗುವ ಸದ್ದಿಗೆ ಹಲ್ಲು ಕಚ್ಚಿ ಕಾದೆ. "ದಪ್" ಎಂದಿತು, ದಿಂಬು ಬಿದ್ದ ಹಾಗೆ. ಅಷ್ಟೇ.

ಎತ್ತಿಕೊಂಡು ಅಲ್ಲಾಡಿಸಿದೆ. ಸದ್ದಿಲ್ಲ. ಕಿವಿಗೆ ಹಿಡಿದು ಅಲ್ಲಾಡಿಸಿದೆ. ಸದ್ದಿಲ್ಲ. ಮೂರು ತಿಂಗಳಲ್ಲಿ ನಾನು ಡಬ್ಬವನ್ನು ಅಲ್ಲಾಡಿಸಿ ನೋಡಿದ್ದು ಅದೇ ಮೊದಲು. ನಾನೇ ಕೆಡಿಸಿದ ಡಬ್ಬ, ಕೆಟ್ಟಿರದೆ ಎಲ್ಲಿಗೆ ಹೋಗುತ್ತದೆ ಎಂಬ ಧೈರ್ಯ.

ತಿರುಗಿಸಿ ತಳ ನೋಡಿದೆ. ಮೇಲಿನ ಟೇಪು ನಾನು ಹಚ್ಚಿದ್ದೇ. ತಳದಲ್ಲಿ ಮಾತ್ರ ನನ್ನ ಟೇಪನ್ನು ಸೀಳಿ, ಅದರ ಮೇಲೆ ಇನ್ನೊಂದು ಟೇಪು ಹಚ್ಚಿತ್ತು, ಒಂದು ಸುಕ್ಕಿಲ್ಲದೆ. ಅದರ ತುದಿಯನ್ನು ಒಂದು ಅಂಗುಲ ಒಳಕ್ಕೆ ಮಡಚಿತ್ತು. ಆ ಮಡಿಕೆ ನನಗೆ ಗೊತ್ತು. ನಮ್ಮ ಮನೆಯ ಔಷಧದ ಡಬ್ಬಿ, ಬಿಸ್ಕತ್ತಿನ ಪೊಟ್ಟಣ, ಯಾವುದಕ್ಕೆ ಮಾವ ಟೇಪು ಹಚ್ಚಿದರೂ ಹಾಗೇ ಮಡಚುತ್ತಾರೆ, ಬಿಚ್ಚುವವರ ಉಗುರು ಮುರಿಯಬಾರದು ಎಂದು.

ಅಲ್ಲೇ ಬಿಚ್ಚಿದೆ. ಹಳೆಯ ಪತ್ರಿಕೆಗಳನ್ನು ಹಗ್ಗದ ಹಾಗೆ ಹೊಸೆದು ಸುತ್ತು ಸುತ್ತಾಗಿ ಗೂಡು ಕಟ್ಟಿದ್ದರು. ಬಟ್ಟಲು ಅದರ ನಡುವೆ ಕೂತಿತ್ತು. ಚಮಚವನ್ನು ಬೇರೆಯಾಗಿ ಬಟ್ಟೆಯ ಚೂರಿನಲ್ಲಿ ಸುತ್ತಿ ಬದಿಗೆ ಮಲಗಿಸಿದ್ದರು. ಆರೂ ಕಡೆ ಎರಡು ಬೆರಳು. ನಾನು ಅಳತೆ ಹಾಕಿ ನೋಡಿದೆ, ಕೂದಲೆಳೆಯಷ್ಟೂ ಕಡಿಮೆಯಿಲ್ಲ. ಕಣ್ಣು ಮುಚ್ಚಿ ಅಲ್ಲಾಡಿಸಿ "ಸದ್ದಿಲ್ಲ" ಎಂದ ಹೆಂಗಸು ಮೂರು ಸಲವೂ ನಿಜವನ್ನೇ ಹೇಳಿದ್ದಳು. ನಾನು ಅವಳನ್ನು ಕಿವುಡಿ ಎಂದು ಬರೆದಿದ್ದೆ.

ಮುಂದಿನ ನಿಲ್ದಾಣದಲ್ಲಿ ಇಳಿದು ಮನೆಗೆ ವಾಪಸ್ಸು ಬಂದೆ. ಮಾವ ಬಾಲ್ಕನಿಯಲ್ಲಿ ಚಹಾ ಕುಡಿಯುತ್ತ ಬೀದಿ ನೋಡುತ್ತಿದ್ದರು. ಬಿಚ್ಚಿದ ಡಬ್ಬವನ್ನು ಅವರ ಮುಂದೆ ಸ್ಟೂಲಿನ ಮೇಲಿಟ್ಟೆ.

"ಮಾವ, ಇದನ್ನ ಬಿಚ್ಚಿ ಕಟ್ಟಿದ್ದು ನೀವಾ?"

"ನಾನ್ಯಾಕೆ ಬಿಚ್ಚಲಿ? ನೀನು ಕಟ್ಟಿದ್ದು ಸರಿಯಾಗೇ ಇರುತ್ತೆ."

"ಈ ಹೊಸೆದ ಹಗ್ಗ ನಂಗೆ ಬರುತ್ತಾ?"

"ಬರ್ದೇ ಏನು. ನಮ್ಮನೆ ಸೊಸೆ ಜಾಣೆ." ಅವರು ಲೋಟದೊಳಗೆ ನೋಡುತ್ತಿದ್ದರು. ಎಪ್ಪತ್ತು ದಾಟಿದ ಮನುಷ್ಯ, ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತಿತ್ತು.

"ಮಾವ. ದಯವಿಟ್ಟು."

ಅವರು ಪಕ್ಕದ ಮನೆಯ ಬಾಲ್ಕನಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು. "ಮೆತ್ತಗೆ ಮಾತಾಡು ತಾಯಿ, ಯಾರಾದ್ರೂ ಕೇಳಿಸ್ಕೋತಾರೆ. ಬೆಳಿಗ್ಗೆ ನೀನು ಸ್ನಾನಕ್ಕೆ ಹೋದಾಗ ಸ್ವಲ್ಪ ಸರಿ ಮಾಡ್ತಿದ್ದೆ. ಬೇಜಾರು ಮಾಡ್ಕೋಬೇಡ. ನಿಂಗೆ ಬೇರೆ ಎಲ್ಲಾ ಬರುತ್ತೆ. ಇದೊಂದು ಬರಲ್ಲ ಅಷ್ಟೆ."

ಅವರೇ ಮುಂದುವರಿಸಿದರು. "ಕಾರ್ಖಾನೆಲಿ ನಮ್ಮ ಪದ್ಧತಿನೇ ಹಾಗೆ. ಹೊಸಬರ ಪೆಟ್ಟಿಗೆ ಕೆಟ್ಟದಾಗಿದ್ರೆ ಯಾರೂ ಮುಖಕ್ಕೆ ಹೇಳ್ತಿರ್ಲಿಲ್ಲ. ಹಳಬರು ಸುಮ್ನೆ ಬಿಚ್ಚಿ ಸರಿ ಮಾಡಿ ಇಟ್ಬಿಡೋರು. ನಾನೂ ಮೊದಲ ವರ್ಷ ನಿನ್ನ ಥರಾನೇ ಕಟ್ತಿದ್ದೆ. ನಮ್ಮ ಮೇಸ್ತ್ರಿ ದಿನಾ ಸಂಜೆ ಕೂತು ನನ್ನ ಪೆಟ್ಟಿಗೆ ಸರಿ ಮಾಡ್ತಿದ್ರು ಅಂತ ನಂಗೆ ಗೊತ್ತಾಗಿದ್ದು ಅವರು ರಿಟೈರ್ ಆದ ದಿನ. ಮುಖಕ್ಕೆ ಹೇಳಿದ್ರೆ ಕೈ ನಡುಗುತ್ತೆ ಕಣಮ್ಮ. ನಡುಗೋ ಕೈಲಿ ಗಾಜು ಉಳಿಯಲ್ಲ."

ಎಳ್ಳುಕಾಳು ನೆನೆಯದ ಬಾಯಿ ಎಂದಿದ್ದೆನಲ್ಲ, ಆ ಬಾಯಿ ಮೂರು ತಿಂಗಳು ನನ್ನ ಮಾನ ಕಾಪಾಡಿಕೊಂಡು ಮುಚ್ಚಿತ್ತು. ನನಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಜಗಳವೇ ಆಗಿರಲಿಲ್ಲ. ಮಾವ ನನ್ನನ್ನು ನೋಯಿಸಬಾರದೆಂದು ಸುಮ್ಮನಿದ್ದರು, ನಾನು ಮಾವನನ್ನು ನಂಬದೆ ಸುಮ್ಮನಿದ್ದೆ, ನಡುವೆ ಮುಖ ಪರಿಚಯ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಬ್ಬಳು ಬಡವಾಗಿದ್ದಳು.

ಎಲ್ಲ ಹೇಳಿದೆ. ಏಜೆನ್ಸಿ, ಫೋಟೋ, ಬೇಕಂತಲೇ ಕೆಡಿಸುವುದು, ಕೌಂಟರಿನಾಕೆ, ಶೆಡ್ಡು, ಸೋಮವಾರ. ಬೇಕಂತಲೇ ಕೆಟ್ಟದಾಗಿ ಕಟ್ಟುವ ಕೆಲಸವೊಂದು ಲೋಕದಲ್ಲಿದೆ ಎಂಬುದನ್ನು ನಂಬಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಲೋಟ ಕೆಳಗಿಟ್ಟರು.

"ಕೆಲಸ ಹೋಗೋದು ಒಂದು. ಕಿವಿ ಕೇಳಿಸಲ್ಲ ಅಂತ ಯಾರು ಹೇಳಿದ್ದು?"

"ನಾನು ಬರೆದೆ ಮಾವ."

ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಡಬ್ಬ ಮುಟ್ಟಿದ್ದು ನಾನು, ಮಾತು ಬರೆದಿದ್ದು ನೀನು," ಎಂದರು. "ಮೊದಲು ನಿಮ್ಮ ಸಾಹೇಬರಿಗೆ ಫೋನು ಮಾಡು."

ನೋಟೆಡ್ ಸಾಹೇಬನಿಗೆ ಎಲ್ಲ ಹೇಳಿ ಮುಗಿಸುವ ಹೊತ್ತಿಗೆ ಅವನು ಆರು ಸಲ ನೋಟೆಡ್ ಎಂದಿದ್ದ. ಆಮೇಲೆ, "ಆದ್ರೆ ಮೇಡಂ, ಫೋಟೋ ಇದೆಯಲ್ಲ. ಈಗ ನಿಮ್ಮ ಬಾಯಿ ಮಾತಿಗೆ ವರದಿ ವಾಪಸ್ ತಗೊಳ್ಳೋಕಾಗಲ್ಲ," ಎಂದ.

"ನಿಮ್ಮ ಗೋಡೌನಿನಲ್ಲಿ ನನ್ನ ಮೂರು ಡಬ್ಬ ಬಿದ್ದಿವೆ. ಹೋಗಿ ಬಿಚ್ಚಿ ನೋಡಿ. ತಳದ ಕಡೆಯಿಂದ ಬಿಚ್ಚಿ."

ಅವನು ಹೋದ. ಫೋನಿನಲ್ಲಿ ಬೀಗದ ಸದ್ದು, ಡಬ್ಬಗಳನ್ನು ಎತ್ತಿ ಸರಿಸುವ ಸದ್ದು, ಸೀನು, ಟೇಪು ಪರ್ರೆಂದು ಕಿತ್ತ ಸದ್ದು ಎಲ್ಲ ಕೇಳಿಸಿತು. ಆಮೇಲೆ ಕಾಗದ ಸರಿಸುವ ಸದ್ದು. ಎರಡನೆಯ ಟೇಪು. ಮೂರನೆಯದು.

"ಮೇಡಂ, ಇದನ್ನ ಕಟ್ಟಿದವರು ಯಾರು?"

"ನಮ್ಮ ಮಾವ."

"ಹೊರಗೆ ತೆಗೆಯೋಕೇ ಮನಸ್ಸು ಬರ್ತಿಲ್ಲ ಮೇಡಂ." ನೋಟೆಡ್ ಎನ್ನುವುದನ್ನು ಅವನು ಮರೆತೇಬಿಟ್ಟಿದ್ದ. ಸ್ವಲ್ಪ ಹೊತ್ತಿಗೆ ಅವನ ಸಾಹೇಬಗಿರಿಯ ದನಿ ವಾಪಸ್ಸು ಬಂತು. ಬೇರೆಯವರ ಕೈ ಡಬ್ಬಕ್ಕೆ ತಾಗಿದ್ದರಿಂದ ನಾಳೆಯಿಂದ ನನಗೆ ಕೆಲಸವಿಲ್ಲ ಎಂದ. ಅದು ನನಗೆ ಗೊತ್ತಿತ್ತು. ಆಕೆಯನ್ನು ಸೋಮವಾರ ಮತ್ತೆ ಕೌಂಟರಿಗೆ ಕೂರಿಸುವಂತೆ ಇವತ್ತೇ ಕಂಪನಿಗೆ ಬರೆಯುತ್ತೇನೆ ಎಂದ.

"ಆಕೆಗೆ ಏನಂತ ಹೇಳ್ತಾರೆ?"

"ತಾಂತ್ರಿಕ ಕಾರಣದಿಂದ ಹಿಂದಿನ ಆದೇಶ ರದ್ದು ಅಂತ."

"ತಾಂತ್ರಿಕ ಕಾರಣ ಅಂದ್ರೆ ಏನ್ರೀ? ಡಬ್ಬದ್ದಾ, ಅವಳ ಕಿವೀದಾ?"

"ಅಷ್ಟೆಲ್ಲ ಹೇಳೋ ಹಾಗಿಲ್ಲ ಮೇಡಂ. ಯಾವ ಡಬ್ಬ, ಯಾರು ತಂದಿದ್ದು ಅಂತ ಸಿಬ್ಬಂದಿಗೆ ಯಾವತ್ತೂ ಗೊತ್ತಾಗಬಾರದು. ನಿಯಮ. ಕೆಲಸ ಬಿಟ್ಟ ಮೇಲೂ ನಿಮಗೆ ಅನ್ವಯಿಸುತ್ತೆ."

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಒಂದು ಕಾಗದ ಬರುತ್ತದೆ, ಅವಳು ಕುರ್ಚಿಗೆ ವಾಪಸ್ಸಾಗುತ್ತಾಳೆ, ಡಬ್ಬ ಕೈಗೆತ್ತಿಕೊಳ್ಳುತ್ತಾಳೆ, ಕಣ್ಣು ಮುಚ್ಚುತ್ತಾಳೆ. ಆಮೇಲೆ? ತಾನು ಕೇಳಿದ್ದನ್ನು ಅವಳು ಹೇಗೆ ನಂಬುತ್ತಾಳೆ? ಕುರ್ಚಿ ಕಿತ್ತುಕೊಂಡದ್ದು ಕಂಪನಿ, ಅದನ್ನು ಕಂಪನಿ ವಾಪಸ್ಸು ಕೊಡಬಹುದು. ಕಿವಿ ಕಿತ್ತುಕೊಂಡವಳು ನಾನು.

"ನೋಟೆಡ್," ಎಂದು ನಾನು ಫೋನಿಟ್ಟೆ.

ಶನಿವಾರ ಬೆಳಿಗ್ಗೆ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನಗಿಂತ ಮೊದಲೇ ಬಾಗಿಲಲ್ಲಿ ನಿಂತಿದ್ದರು. ಬಸ್ಸು ಹಿಡಿದು ಹಳೆಯ ಸಿನಿಮಾ ಮಂದಿರದ ಹತ್ತಿರ ಇಳಿದೆವು. ಕೌಂಟರಿನಲ್ಲಿ ಬೇರೊಬ್ಬಾತ ಕೂತಿದ್ದ, ಡಬ್ಬಗಳನ್ನು ಅಲ್ಲಾಡಿಸದೆಯೇ ಹಿಂದಕ್ಕೆ ತಳ್ಳುತ್ತಿದ್ದ. ಪಕ್ಕದ ಓಣಿಯಿಂದ ಹಿಂದಿನ ಶೆಡ್ಡಿಗೆ ಹೋದೆವು. ತಗಡಿನ ಚಾವಣಿ, ಒಂದೇ ಕಿಟಕಿ, ಗೋಡೆಯುದ್ದಕ್ಕೂ ಊರಿಗೊಂದರಂತೆ ಚೀಲಗಳು. ಆಕೆ ನೆಲದ ಮೇಲಿನ ಪಾರ್ಸೆಲ್ಲುಗಳ ವಿಳಾಸ ಓದಿ ಓದಿ ಚೀಲಕ್ಕೆ ಹಾಕುತ್ತಿದ್ದಳು. ಕನ್ನಡಕ ಮೂಗಿನ ಮೇಲೆ ಇಳಿದಿತ್ತು.

"ಮೇಡಂ," ಎಂದೆ. ಆಕೆ ಥಟ್ಟನೆ ತಿರುಗಿ, "ಏನಂದ್ರಿ?" ಎಂದಳು. ನಾನು ಏನೂ ಅಂದಿರಲಿಲ್ಲ, ಕರೆದಿದ್ದೆ ಅಷ್ಟೆ. ಆಮೇಲೆ ನನ್ನ ಗುರುತು ಸಿಕ್ಕಿತು. "ಓ, ನೀವಾ. ನಾನೀಗ ಕೌಂಟರಿನಲ್ಲಿಲ್ಲ ಮೇಡಂ. ಮುಂದೆ ಕೊಡಿ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಯಿತು. ಒಂದೇ ಉಸಿರಿಗೆ ಹೇಳಿದೆ. ಆ ಮೂರು ಪಾರ್ಸೆಲ್ ನನ್ನವು, ವರದಿ ಬರೆದವಳು ನಾನು, ಕಿವಿ ಮಂದ ಎಂದು ಬರೆದವಳೂ ನಾನೇ. ಡಬ್ಬಗಳನ್ನು ನಾನು ಸದ್ದಾಗುವಂತೆ ಕಟ್ಟಿದ್ದೆ, ನನಗೆ ಗೊತ್ತಿಲ್ಲದೆ ನಮ್ಮ ಮಾವ ಅವನ್ನು ಸರಿ ಮಾಡಿಟ್ಟಿದ್ದರು. ಸೋಮವಾರ ನಿಮಗೆ ಕಾಗದ ಬರುತ್ತದೆ, ಅದರಲ್ಲಿ ಕಾರಣ ಇರುವುದಿಲ್ಲ, ಕಾರಣ ಇದು.

ಮಾವ ಮುಂದೆ ಬಂದು ಕೈಮುಗಿದರು. "ನಂದೇ ತಪ್ಪು ತಾಯಿ. ಕೈ ಸುಮ್ನಿರಲಿಲ್ಲ."

ಆಕೆ ಅವರ ಕಡೆ ನೋಡಲಿಲ್ಲ. ನನ್ನ ಬಾಯಿಯನ್ನೇ ನೋಡುತ್ತಿದ್ದಳು, ಕಿವುಡರು ನೋಡುವ ಹಾಗೆ.

"ಅಂದ್ರೆ," ಎಂದಳು, "ಆವತ್ತು ನಿಜವಾಗ್ಲೂ ಸದ್ದಿರಲಿಲ್ವಾ?"

"ಇರಲಿಲ್ಲ."

"ಮೂರು ಸಲಾನೂ?"

"ಮೂರು ಸಲಾನೂ."

ಆಕೆ ಅಲ್ಲೇ ತುಂಬಿದ ಚೀಲವೊಂದರ ಮೇಲೆ ಕೂತಳು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು, ಆಮೇಲೆ ಕಣ್ಣು ಒರೆಸಿದಳು.

"ಡಾಕ್ಟರು ಸರಿ ಇದೆ ಅಂದ್ರು. ನಂಗೇ ನಂಬಿಕೆ ಬರ್ಲಿಲ್ಲ. ಮೂರು ಸಲ ಗಣಗಣ ಅನ್ನೋ ಸದ್ದು ಕೇಳಿಸಿಲ್ಲ ಅಂತ ಫೋಟೋ ತೋರ್ಸಿದ್ರು ನೋಡಿ. ಆಮೇಲೆ ಎಲ್ಲದಕ್ಕೂ ಅನುಮಾನ. ಮನೇಲಿ ಮಗಳು ಏನಾದ್ರೂ ಹೇಳಿದ್ರೆ ಸರಿಯಾಗೇ ಕೇಳಿಸಿರುತ್ತೆ, ಆದ್ರೂ ಏನಂದೆ ಏನಂದೆ ಅಂತ ಎರಡೆರಡು ಸಲ ಕೇಳ್ತಿದ್ದೆ. ಪಾಪ, ಅವಳಿಗೂ ಸಾಕಾಯ್ತು. ಈಗ ಫೋನಲ್ಲೂ ಕಿರುಚಿಕೊಂಡೇ ಮಾತಾಡ್ತಾಳೆ. ಎಷ್ಟೋ ಮಾತು ಹೇಳೋದೇ ಬಿಟ್ಟಿದ್ದಾಳೆ."

ಕ್ಷಮಿಸಿ ಎಂದೆ. ಆ ಮಾತು ನನ್ನ ಬಾಯಿಂದ ಸುಲಭವಾಗಿ ಬರುವಂಥದ್ದಲ್ಲ, ಆದರೆ ಬಂದ ಮೇಲೆ ತೀರಾ ಸಣ್ಣದಾಗಿ ಕಂಡಿತು.

ಆಕೆ ತಲೆ ಎತ್ತಿ ಮೊದಲು ನನ್ನನ್ನು, ಆಮೇಲೆ ಮಾವನನ್ನು ನೋಡಿದಳು. "ನಿಮ್ಮಿಬ್ಬರಿಗೂ ಬೈಯೋದಿದೆ," ಎಂದಳು. "ಚೆನ್ನಾಗಿ ಬೈಯೋದಿದೆ. ಸ್ವಲ್ಪ ಹೊತ್ತು ಇಲ್ಲೇ ನಿಂತಿರಿ, ಎಲ್ಲೂ ಹೋಗಬೇಡಿ."

ತನ್ನ ಕೈಚೀಲದಿಂದ ಫೋನು ತೆಗೆದು ಒತ್ತಿದಳು. ಆಚೆ ಕಡೆಯಿಂದ ಹುಡುಗಿಯ ದನಿ "ಅಮ್ಮಾ, ಹೇಳಮ್ಮಾ, ಕೇಳಿಸ್ತಿದೆಯಾ" ಎಂದು ಕಿರುಚಿದ್ದು ಬಾಗಿಲಲ್ಲಿದ್ದ ನಮಗೂ ಕೇಳಿಸಿತು.

"ಕಿರುಚಬೇಡ ಪುಟ್ಟೀ," ಎಂದಳು ಆಕೆ. "ಮೆತ್ತಗೆ ಮಾತಾಡು. ನಂಗೆ ಕೇಳಿಸುತ್ತೆ."

ಆಚೆಯ ದನಿ ತಗ್ಗಿತು, ಇನ್ನೂ ತಗ್ಗಿತು, ಆಮೇಲೆ ಅದು ನಮಗೆ ಕೇಳಿಸಲಿಲ್ಲ. ಆಕೆ ಗೋಡೆಯ ಕಡೆ ತಿರುಗಿ, ಕಣ್ಣು ಮುಚ್ಚಿ, ಹೂಂ, ಹೂಂ ಎನ್ನುತ್ತ ಕೂತಳು. ಮಗಳು ಬಹಳ ದಿನದ ಮಾತುಗಳನ್ನು ಹೇಳುತ್ತಿದ್ದಳೆಂದು ಕಾಣುತ್ತದೆ, ಬೇಗ ಮುಗಿಯಲಿಲ್ಲ. ನಾನೂ ಮಾವನೂ ಬೈಸಿಕೊಳ್ಳಲು ಅಲ್ಲೇ ನಿಂತಿದ್ದೆವು.